ನಾಲ್ಕು ಮತ್ತು ಐದನೇ ತರಗತಿಗಳನ್ನು ಒಟ್ಟಿಗೆ ಕೂರಿಸಿರುವ ಬಗ್ಗೆ

ಪ್ರಿಯ ಪೋಷಕರೇ,

ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಪಾಠ ಮಾಡುತ್ತಿರುವುದಕ್ಕೆ ನಿಮ್ಮಲ್ಲಿ ಹಲವರು ಆಕ್ಷೇಪ ಹೇಳಿದ್ದೀರಿ, ಕೆಲವರು ಬರೆದೂ ಕೊಟ್ಟಿದ್ದೀರಿ. ಒಂದೊಂದನ್ನೂ ಓದಿದ್ದೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಇದು ಶಾಲೆಯ ಅಸಡ್ಡೆಯಿಂದ ಆದದ್ದಲ್ಲ.

ನಿವೃತ್ತರಾದ ಶಿಕ್ಷಕಿಯ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಶಾಲಾ ಶಿಕ್ಷಣದ ಹಣದಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ರಾಜ್ಯದ ತೆರಿಗೆ ವರಮಾನ ಅಂದಾಜಿಗಿಂತ ಕಡಿಮೆಯಾದಾಗ ಕೆಲಸದಲ್ಲಿರುವವರ ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವುಗಳಿಗೆ ಕೈ ಹಾಕುವುದು ಕಷ್ಟ. ಹಾಗಾಗಿ ಕತ್ತರಿ ಬೀಳುವುದು ಖಾಲಿ ಹುದ್ದೆಗೆ, ದುರಸ್ತಿಗೆ, ಗ್ರಂಥಾಲಯಕ್ಕೆ. ಆಯವ್ಯಯದಲ್ಲಿ ಬರೆದ ಅನುದಾನವೂ ಕಂತುಕಂತಾಗಿ ಬರುತ್ತದೆ. ಕೊನೆಯ ಕಂತು ವರ್ಷದ ತುದಿಗೆ ಬಂದರೆ ಖರ್ಚು ಮಾಡಲು ದಿನಗಳೇ ಉಳಿದಿರುವುದಿಲ್ಲ. ಸರ್ಕಾರಿ ವೆಚ್ಚದಲ್ಲಿ ಕನಿಷ್ಠ ಶೇ 15ರಿಂದ 20ರಷ್ಟು ಶಿಕ್ಷಣಕ್ಕೆ ಸಲ್ಲಬೇಕೆಂದು 2015ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಸೇರಿದ್ದ ವಿಶ್ವ ಶಿಕ್ಷಣ ವೇದಿಕೆ ಒತ್ತಾಯಿಸಿತ್ತು. ಆ ಪಾಲನ್ನು ಉಳಿಸಿಕೊಂಡರೂ, ಬೊಕ್ಕಸವೇ ಬರಿದಾದರೆ ಕೈಗೆ ಬರುವ ಹಣ ಕುಗ್ಗದೆ ಇರುತ್ತದೆಯೇ?

ಇನ್ನು ನಿಮಗೆ ಒಪ್ಪಿಗೆಯಾಗದ ಮಾತು. ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ನಿಮ್ಮ ಮಗುವಿನ ಪಾಠ ನಿಂತಿಲ್ಲ. ಕಪ್ಪು ಹಲಗೆಯ ನಡುವೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಿದ್ದೇವೆ. ಎಡಕ್ಕೆ ಭಾಗಾಕಾರ, ಬಲಕ್ಕೆ ಭಿನ್ನರಾಶಿ. ಒಂದು ಬದಿಗೆ ಪಾಠ ನಡೆಯುವಾಗ ಇನ್ನೊಂದು ಬದಿಯವರು ಲೆಕ್ಕ ಬಿಡಿಸುತ್ತಾರೆ. ಮೊನ್ನೆ ಐದನೇ ತರಗತಿಯ ಹುಡುಗಿಯೊಬ್ಬಳು ಪಕ್ಕದ ಹುಡುಗನ ಸ್ಲೇಟನ್ನು ತನ್ನತ್ತ ತಿರುಗಿಸಿಕೊಂಡು ಶೇಷ ಉಳಿಯುವುದು ಹೇಗೆಂದು ಮೂರು ಸಲ ತೋರಿಸಿದಳು. ನಾಲ್ಕನೆಯದನ್ನು ಅವನೇ ಬಿಡಿಸಿದ. ಎರಡು ಕೋಣೆ, ಇಬ್ಬರು ಶಿಕ್ಷಕರು ಇದ್ದಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹುದ್ದೆ ತುಂಬಿಕೊಡಿ ಎಂದು ಮೇಲಿನ ಕಚೇರಿಗೆ ಬರೆಯುತ್ತಲೇ ಇದ್ದೇನೆ, ಮುಂದೆಯೂ ಬರೆಯುತ್ತೇನೆ. ಅಲ್ಲಿಯವರೆಗೆ ತರಗತಿಗಳು ಒಟ್ಟಿಗೇ ನಡೆಯುತ್ತವೆ. ಈ ತೀರ್ಮಾನವನ್ನು ಬದಲಿಸಲು ನನ್ನಿಂದಾಗದು.

ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತೇವೆ ಎಂದವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಹುದ್ದೆ ಮಂಜೂರಾಗುವುದು ಮಕ್ಕಳ ಸಂಖ್ಯೆಯನ್ನು ನೋಡಿ. ಹತ್ತು ಮಕ್ಕಳು ಹೊರಟುಹೋದರೆ, ಇಂದು ಖಾಲಿ ಇರುವ ಹುದ್ದೆ ನಾಳೆ ರದ್ದೇ ಆಗಬಹುದು.

ವರ್ಗಾವಣೆ ಪತ್ರ ಕೇಳುವ ಮೊದಲು ದಯವಿಟ್ಟು ಒಂದು ಬೆಳಿಗ್ಗೆ ಬಂದು ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ