ಗಾಂಧೀಜಿ ಹೆಸರು ಬರೆಯುವ ಮುಂಚೆ ತಾರೀಖು ನೋಡಿ

ಮಾನ್ಯ ಸಂಪಾದಕರೇ,

ಗಾಂಧಿ ಜಯಂತಿ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಶಾಲೆಗಳ ಕಂಪೌಂಡಿಗೆ ಹೊಸ ಬಣ್ಣ ಬೀಳುತ್ತದೆ, ಬಣ್ಣದ ಮೇಲೆ ಗಾಂಧೀಜಿಯ ಮಾತು ಏರುತ್ತದೆ. ಬ್ಯಾಂಕಿನ ಕೌಂಟರ್, ಕಿರಾಣಿ ಅಂಗಡಿಯ ಗಲ್ಲಾ ಪೆಟ್ಟಿಗೆಯ ಹಿಂದಿನ ಗೋಡೆ, ಭಾಷಣ ಸ್ಪರ್ಧೆಯ ಬ್ಯಾನರು, ಎಲ್ಲ ಕಡೆಯೂ ಇದೇ ಪರಿಪಾಠ. ತೊಂದರೆಯೆಂದರೆ, ಇವುಗಳಲ್ಲಿ ಹೆಚ್ಚು ಓಡಾಡುವ ಮಾತುಗಳೇ ಗಾಂಧಿ ಬರೆದದ್ದಲ್ಲ, ಆಡಿದ್ದೂ ಅಲ್ಲ. ಕೇಳಿದರೆ ‘ಯಾರು ಹೇಳಿದ್ರೇನ್ರೀ, ಮಾತು ಚಲೋ ಐತಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಮಾತು ಚಲೋ ಇದ್ದರೆ ಬರೆಯಲಿ, ಬೇಡ ಅಂದವರಾರು? ಕೆಳಗೆ ಅವರ ಹೆಸರು ಯಾಕೆ ಎಂಬುದಷ್ಟೇ ಪ್ರಶ್ನೆ.

‘ಗ್ರಾಹಕನೇ ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ’ ಎಂಬ ಫಲಕವನ್ನೇ ತೆಗೆದುಕೊಳ್ಳಿ. ಅದು 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಭಾಷಣವೆಂದು ಕೆಲವರು ತಾರೀಖನ್ನೂ ಹಾಕುತ್ತಾರೆ. 1890ರಲ್ಲಿ ಗಾಂಧಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿ. ಬ್ಯಾರಿಸ್ಟರ್ ಆದದ್ದು 1891ರ ಜೂನಿನಲ್ಲಿ, ಡರ್ಬನ್ನಿಗೆ ಇಳಿದದ್ದು 1893ರಲ್ಲಿ. ಈ ಫಲಕವನ್ನು ಸುಳ್ಳೆನ್ನಲು ಗ್ರಂಥಾಲಯಕ್ಕೆ ಹೋಗುವ ಅಗತ್ಯವೂ ಇಲ್ಲ, ಹೈಸ್ಕೂಲಿನ ಸಮಾಜ ವಿಜ್ಞಾನ ಸಾಕು.

ಇಂಥ ಸರಳ ಪರೀಕ್ಷೆಗಳು ಇನ್ನೂ ಇವೆ. ‘ಹರಿಜನ’ ಪತ್ರಿಕೆ ಶುರುವಾದದ್ದು 1933ರ ಫೆಬ್ರುವರಿ 11ರಂದು, ಆದ್ದರಿಂದ ‘ಹರಿಜನ, 1928’ ಎಂದು ಆಧಾರ ಕೊಟ್ಟಿದ್ದರೆ ಮುಂದೆ ನೋಡುವುದೇ ಬೇಡ. ‘ಯಂಗ್ ಇಂಡಿಯಾ’ ಗಾಂಧಿಯ ಕೈಗೆ ಬಂದದ್ದು 1919ರಲ್ಲಿ. ಆತ್ಮಕಥೆ ‘ನವಜೀವನ’ದಲ್ಲಿ 1925ರ ನವೆಂಬರಿನಿಂದ 1929ರ ಫೆಬ್ರುವರಿಯವರೆಗೆ ಗುಜರಾತಿಯಲ್ಲಿ ವಾರವಾರ ಬಂತು, ಆದರೆ ಅದರ ಕಥೆ 1920ರ ನಾಗಪುರ ಕಾಂಗ್ರೆಸ್ಸಿಗೆ ನಿಂತುಬಿಡುತ್ತದೆ. ದಂಡಿ, ಭಾರತ ಬಿಟ್ಟು ತೊಲಗಿ, ದೇಶ ವಿಭಜನೆ, ಇವುಗಳ ಬಗ್ಗೆ ‘ಆತ್ಮಕಥೆಯಲ್ಲಿ ಗಾಂಧಿ ಹೇಳುವಂತೆ’ ಎಂದು ಯಾರಾದರೂ ಭಾಷಣ ಮಾಡಿದರೆ ಅವರು ಪುಸ್ತಕ ಕೊನೆಯವರೆಗೆ ಓದಿಲ್ಲವೆಂದೇ ಅರ್ಥ. ‘ಹಿಂದ್ ಸ್ವರಾಜ್’ದ ತೊಡಕು ಬೇರೆ. 1909ರ ನವೆಂಬರಿನಲ್ಲಿ ಕಿಲ್ಡೋನನ್ ಕ್ಯಾಸಲ್ ಹಡಗಿನಲ್ಲಿ, ಬಲಗೈ ಸೋತಾಗ ಎಡಗೈಯಿಂದಲೂ ಬರೆದು ಮುಗಿಸಿದ ಪುಸ್ತಕವಿದು. ಇಡೀ ಪುಸ್ತಕ ‘ವಾಚಕ’ ಮತ್ತು ‘ಸಂಪಾದಕ’ರ ಸಂವಾದ. ಸಂಪಾದಕನ ಮಾತು ಗಾಂಧಿಯದು. ವಾಚಕನದು ಅವರು ಎದುರಿಸಿ ವಾದಿಸುತ್ತಿರುವ ಪಕ್ಷದ್ದು. ವಾಚಕನ ಸಾಲನ್ನೇ ಎತ್ತಿ ಗಾಂಧಿಯ ಹೆಸರಿಗೆ ಕಟ್ಟಿದರೆ ಅರ್ಥ ತಲೆಕೆಳಗಾಗುತ್ತದೆ.

‘ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ನೀವೇ ಆಗಿ’ ಎಂಬುದಕ್ಕೆ ಇಷ್ಟು ಸುಲಭದ ಪರೀಕ್ಷೆ ಸಾಲದು, ಯಾಕೆಂದರೆ ಅದರ ಹತ್ತಿರಕ್ಕೆ ಬರುವ ಒಂದು ಬರಹ ನಿಜವಾಗಿಯೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿ ನಡೆಸುತ್ತಿದ್ದ ಪತ್ರಿಕೆ ‘ಇಂಡಿಯನ್ ಒಪಿನಿಯನ್’ನ 1913ರ ಆಗಸ್ಟ್ 9ರ ಸಂಚಿಕೆಯಲ್ಲಿ, ಆರೋಗ್ಯದ ಬಗೆಗಿನ ಗುಜರಾತಿ ಲೇಖನಮಾಲೆಯಲ್ಲಿ, ಹಾವು ಕಚ್ಚಿದರೆ ಏನು ಮಾಡಬೇಕೆಂದು ಹೇಳುವ ಅಧ್ಯಾಯದಲ್ಲಿ! ನಾವು ಬದಲಾದರೆ ಜಗತ್ತಿನ ಪ್ರವೃತ್ತಿಗಳೂ ಬದಲಾದಾವು, ಮನುಷ್ಯ ತನ್ನ ಸ್ವಭಾವ ತಿದ್ದಿಕೊಂಡಂತೆ ಅವನ ಬಗ್ಗೆ ಜಗತ್ತಿನ ಧೋರಣೆಯೂ ತಿರುಗುತ್ತದೆ ಎಂಬುದು ಅಲ್ಲಿನ ಸಾರ. ಗೋಡೆಯ ಮೇಲಿನ ಘೋಷಣೆಗಿಂತ ಇದು ಹೆಚ್ಚು ವಿಚಿತ್ರ, ಹೆಚ್ಚು ಗಾಂಧಿ.

‘ಏಳು ಸಾಮಾಜಿಕ ಪಾಪಗಳು’ ಅರ್ಧ ನಿಜ. ದುಡಿಮೆಯಿಲ್ಲದ ಸಂಪತ್ತು, ಚಾರಿತ್ರ್ಯವಿಲ್ಲದ ಜ್ಞಾನ, ನೀತಿಯಿಲ್ಲದ ವ್ಯಾಪಾರ ಎಂದು ಸಾಗುವ ಆ ಪಟ್ಟಿಯನ್ನು ಗಾಂಧಿ 1925ರ ಅಕ್ಟೋಬರ್ 22ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚು ಹಾಕಿದ್ದು ಹೌದು. ಮಿತ್ರರೊಬ್ಬರು ಕಳಿಸಿದ್ದೆಂದು ಅವರೇ ಅಲ್ಲಿ ಹೇಳಿದ್ದಾರೆ. ಅದೇ ವರ್ಷ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಫ್ರೆಡರಿಕ್ ಲೂಯಿಸ್ ಡೊನಾಲ್ಡ್‌ಸನ್ ಎಂಬ ಪಾದ್ರಿ ಈ ಪಾಪಗಳ ಬಗ್ಗೆ ಪ್ರವಚನ ಮಾಡಿದ್ದರು. ‘ಮೊದಲು ನಿರ್ಲಕ್ಷಿಸುತ್ತಾರೆ, ಆಮೇಲೆ ನಗುತ್ತಾರೆ’ ಎಂಬುದು 1918ರಲ್ಲಿ ಅಮೆರಿಕದ ಕಾರ್ಮಿಕ ನಾಯಕ ನಿಕೊಲಸ್ ಕ್ಲೈನ್ ಆಡಿದ ಮಾತಿಗೆ ತೀರ ಹತ್ತಿರವಿದೆ. ಕಣ್ಣಿಗೆ ಕಣ್ಣು ಎಂದರೆ ಲೋಕವೇ ಕುರುಡಾದೀತು ಎಂಬುದು ಜೀವನಚರಿತ್ರೆಕಾರ ಲೂಯಿ ಫಿಶರ್ ಸತ್ಯಾಗ್ರಹವನ್ನು ವಿವರಿಸುತ್ತ ಬಳಸಿದ ಮಾತು.

ಹಾಗಾದರೆ ಹುಡುಕುವುದು ಹೇಗೆ? ಕೇಂದ್ರ ಸರ್ಕಾರದ ಪ್ರಕಾಶನ ವಿಭಾಗ 1958ರಿಂದ 1994ರವರೆಗೆ ಗಾಂಧಿಯ ಸಮಗ್ರ ಬರಹಗಳನ್ನು ಇಂಗ್ಲಿಷಿನಲ್ಲಿ 100 ಸಂಪುಟಗಳಲ್ಲಿ ತಂದಿದೆ. ಸಾಬರಮತಿ ಆಶ್ರಮ ನಡೆಸುವ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಅದರ ಪುಟಗಳು ಉಚಿತವಾಗಿ ಸಿಗುತ್ತವೆ. 1ರಿಂದ 90ರವರೆಗೆ ಕಾಲಾನುಕ್ರಮ, 1948ರ ಜನವರಿ 30ಕ್ಕೆ ಮುಗಿಯುತ್ತದೆ. ಆಮೇಲೆ ಸಿಕ್ಕ ಪತ್ರಗಳೆಲ್ಲ 91ರಿಂದ 97ರಲ್ಲಿವೆ. ಆದ್ದರಿಂದ 1920ರ ಪತ್ರವೊಂದು ಅದರ ಕಾಲದ ಸಂಪುಟದಲ್ಲಿ ಕಾಣದಿದ್ದರೆ ಕೈಬಿಡದೆ ಅಲ್ಲಿಯೂ ನೋಡಬೇಕು. 98 ವಿಷಯ ಸೂಚಿ, 99 ವ್ಯಕ್ತಿ ಸೂಚಿ. ಶುರು ಮಾಡಬೇಕಾದ್ದು ಈ 98ರಿಂದ. ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಇಡಿಯಾಗಿ ಹುಡುಕಿದರೆ ಏನೂ ಸಿಗದು. ಅದರಲ್ಲಿನ ಎರಡು ಅಪರೂಪದ ನಾಮಪದ ಹಿಡಿದು ಹುಡುಕಬೇಕು.

ಪುಟ ಸಿಕ್ಕ ಮೇಲೆ ಮೂರು ಕಡೆ ಕಣ್ಣಿಡಿ. ಪ್ರತಿ ಬರಹದ ಕೊನೆಯಲ್ಲಿ ಮೂಲ ಯಾವುದು, ಪತ್ರಿಕೆಯೋ ಹಸ್ತಪ್ರತಿಯ ನಕಲೋ ಎಂದು ಕೊಟ್ಟಿರುತ್ತಾರೆ. ತಾರೀಖು ಚೌಕ ಕಂಸದಲ್ಲಿದ್ದರೆ ಅದು ಸಂಪಾದಕರ ಊಹೆ. ಎಲ್ಲಕ್ಕಿಂತ ಮುಖ್ಯ, ಸಣ್ಣ ಅಕ್ಷರದಲ್ಲಿ ಅಚ್ಚಾದ ಭಾಗ ಗಾಂಧಿಯ ಸ್ವಂತ ಮಾತಲ್ಲ. ಒಂದೋ ಅವರು ಬೇರೆಯವರಿಂದ ಉದ್ಧರಿಸಿದ್ದು, ಇಲ್ಲವೇ ವರದಿಗಾರ ತನ್ನ ಮಾತಿನಲ್ಲಿ ಬರೆದ ಭಾಷಣದ ಸಾರ. ಅವಸರದಲ್ಲಿ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಎಡವಟ್ಟು ಸಂಪುಟ ಸಂಖ್ಯೆಯದು. 1999ರಲ್ಲಿ ಸಿ.ಡಿ. ರೂಪದಲ್ಲಿ 98 ಸಂಪುಟಗಳ ಪರಿಷ್ಕೃತ ಆವೃತ್ತಿ ಬಂತು. 91ರಿಂದ 97ರ ಪುರವಣಿ ಸಂಪುಟಗಳನ್ನು ಕಾಲಾನುಕ್ರಮದೊಳಗೆ ಸೇರಿಸಿದ್ದರಿಂದ ಸಂಪುಟ, ಪುಟ ಎರಡೂ ಅದಲುಬದಲಾದವು. ಅನೇಕ ಬರಹಗಳು ಬಿಟ್ಟುಹೋಗಿವೆ ಎಂದು ವಿದ್ವಾಂಸರು ಆಕ್ಷೇಪಿಸಿದ ಮೇಲೆ ಸರ್ಕಾರ ಆ ಆವೃತ್ತಿಯನ್ನು ಹಿಂದಕ್ಕೆ ಪಡೆಯಿತು. ಆದರೂ ಅದರ ಪಿ.ಡಿ.ಎಫ್. ಅಂತರ್ಜಾಲದ ತುಂಬ ಇದೆ. ಮೇಲೆ ಹೇಳಿದ ಹಾವಿನ ಲೇಖನವೇ ಮೂಲ ಆವೃತ್ತಿಯಲ್ಲಿ 12ನೇ ಸಂಪುಟದ 158ನೇ ಪುಟ, ಇದರಲ್ಲಿ 13ರ 241. ಹಾಗಾಗಿ ಸಂಪುಟ-ಪುಟ ಬರೆದುಕೊಂಡರೆ ಸಾಲದು, ಪತ್ರಿಕೆಯ ಹೆಸರು, ತಾರೀಖು ಬರೆದುಕೊಳ್ಳಿ. ಯಾವ ಆವೃತ್ತಿಯಲ್ಲೂ ಅದು ಬದಲಾಗದು.

ತಾರೀಖಿಗೆ ಇಷ್ಟು ಒತ್ತು ಯಾಕೆಂದರೆ ಗಾಂಧಿಯೇ ಅದನ್ನು ಕೇಳಿದ್ದಾರೆ. ಒಂದೇ ವಿಷಯದ ಮೇಲೆ ತನ್ನ ಎರಡು ಬರಹಗಳಲ್ಲಿ ವಿರೋಧ ಕಂಡರೆ ನಂತರದ್ದನ್ನು ಆರಿಸಿಕೊಳ್ಳಿ ಎಂದು 1933ರ ಏಪ್ರಿಲ್ 29ರ ‘ಹರಿಜನ’ದಲ್ಲಿ ಬರೆದರು. ದೇವರೇ ಸತ್ಯ ಎನ್ನುತ್ತಿದ್ದವರು ಸತ್ಯವೇ ದೇವರು ಎನ್ನುವಲ್ಲಿಗೆ ಬಂದರು. ತಾರೀಖಿಲ್ಲದ ಮಾತಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವುದು ಹೇಗೆ?

ನಮ್ಮ ಭಾಗದ ಹೆಸರುಗಳನ್ನು ಹುಡುಕುವಾಗಲೂ ಜಾಗ್ರತೆ ಬೇಕು. ದಂಡಿ ಯಾತ್ರಿಕರ ಪಟ್ಟಿ 1930ರ ಮಾರ್ಚ್ 12ರ ‘ಯಂಗ್ ಇಂಡಿಯಾ’ದಲ್ಲಿದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ‘ಮೈಲಾರ’ ಎಂದು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ; ತಂದೆಯ ಹೆಸರು ಸೇರಿಸಿ ಮಹಾದೇವ ಮಾರ್ತಾಂಡ ಎಂದಿದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಅದೇ ಮಹಾದೇವಪ್ಪ. ಹಾವೇರಿ ಜಿಲ್ಲೆಯ ಶಾಲೆಗಳ ಗೋಡೆಗೆ ಆ ಪಟ್ಟಿಯ ಸಾಲೇ ಸಾಕಲ್ಲವೇ?

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವವರು 3:2ರ ಅಳತೆ, ಚಕ್ರದ 24 ಅರೆಗಳು, ಬಣ್ಣ, ನೂಲು ಎಲ್ಲವನ್ನೂ ಮಾನಕಕ್ಕೆ ಹಿಡಿದು ನೋಡುತ್ತಾರೆ. ಆ ಧ್ವಜ ಹಾರುವ ಕಂಬದ ಹಿಂದಿನ ಗೋಡೆಯ ಮಾತಿಗೆ ಮಾತ್ರ ಯಾವ ತಪಾಸಣೆಯೂ ಇಲ್ಲ. ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಮಾತಿನ ಕೆಳಗೆ ಪತ್ರಿಕೆ ಅಥವಾ ಪುಸ್ತಕದ ಹೆಸರು ಮತ್ತು ತಾರೀಖು ಇಲ್ಲದಿದ್ದರೆ ಬರೆಯುವಂತಿಲ್ಲ. ಬರೆಯುವ ಕಲಾವಿದರಿಗೆ ಅದು ಒಂದು ಸಾಲಿನ ಕೆಲಸ. ಹೊಸದಾಗಿ ಆರಿಸುವವರು 25ನೇ ಸಂಪುಟ ತೆರೆಯಲಿ. ಗಾಂಧಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ, 1924ರ ಡಿಸೆಂಬರಿನ ಬೆಳಗಾವಿಯದು, ಅದರ ಅಧ್ಯಕ್ಷ ಭಾಷಣ ಅಲ್ಲಿದೆ. ಖಾದಿ, ಹಿಂದೂ-ಮುಸ್ಲಿಂ ಐಕ್ಯ, ಅಸ್ಪೃಶ್ಯತೆ ಮೂರರ ಮೇಲೂ ಗೋಡೆಗೆ ಹೊಂದುವ ಸಾಲುಗಳು ಸಿಗುತ್ತವೆ.

ಈಗಾಗಲೇ ಬರೆದಾಗಿರುವ ಗೋಡೆಗಳನ್ನು ಕೆರೆಯುವುದು ಬೇಡ, ಖರ್ಚು ದಂಡ. ಮಾತು ಇದ್ದಂತೆ ಇರಲಿ. ಕೆಳಗಿನ ಹೆಸರಿನ ಮೇಲೆ ಒಂದು ಕೈ ಬಣ್ಣ ಎಳೆದರಾಯಿತು.

– ಒಬ್ಬ ಓದುಗ, ಸಪ್ತಾಪುರ, ಧಾರವಾಡ