‘ಎಲ್ಲದಕ್ಕೂ ಆಗುತ್ತೆ’ ಎಂದು ನೀವು ಕೊಟ್ಟ ಆಂಪ್ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: 40 ವಾಟ್ ಟ್ಯೂಬ್ ಕಾಂಬೊ ಆಂಪ್ (ಗಾಜಿನ ಟ್ಯೂಬ್‌ಗಳಿರುವ, ಸ್ಪೀಕರ್ ಒಳಗೇ ಇರುವ ಗಿಟಾರ್ ಆಂಪ್ಲಿಫೈಯರ್) ವಾಪಸ್ ತೆಗೆದುಕೊಳ್ಳದಿರುವುದು, ಮತ್ತು ಕಳೆದ ಶನಿವಾರ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ನಡೆದದ್ದು.

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಇಷ್ಟು ದಿನ ಫೋನಿನಲ್ಲೇ ಮುಗಿಯುತ್ತೆ ಅಂದುಕೊಂಡಿದ್ದೆ. 11 ಸಲ ಫೋನ್ ಮಾಡಿದ್ದೇನೆ. 11 ಸಲವೂ ಹೆಸರು, ಆರ್ಡರ್ ನಂಬರ್, ಸೀರಿಯಲ್ ನಂಬರ್ ಹೇಳಿದ್ದೇನೆ. ಸೀರಿಯಲ್ ನಂಬರ್ ಈಗ ಬಾಯಿಪಾಠ ಆಗಿದೆ. ಯಾರಾದರೂ ಹುಟ್ಟಿದ ತಾರೀಖು ಕೇಳಿದರೂ ಮೊದಲು ಅದೇ ಬಾಯಿಗೆ ಬರುತ್ತೆ. ಕೋಪ ಮಾಡಿಕೊಳ್ಳದೆ ಬರೆಯಬೇಕು ಅಂತ ಕೂತಿದ್ದೇನೆ. ನೋಡೋಣ, ಎಷ್ಟು ದೂರ ಹೋಗುತ್ತೆ ಅಂತ.

ಆರ್ಡರ್ ಮಾಡುವ ಮೊದಲು ನಿಮ್ಮ ಸಲಹೆಗಾರರ ಜೊತೆ ಚಾಟ್ ಮಾಡಿದ್ದೆ. ಅದು ನಿಮ್ಮ ಹತ್ತಿರವೂ ಇದೆ, ನನ್ನ ಹತ್ತಿರವೂ ಇದೆ. ನಾನು ಬರೆದದ್ದು ಇಷ್ಟು: ನನ್ನದು ಅಕೌಸ್ಟಿಕ್ ಗಿಟಾರ್. ತಂತಿ ಕೂರುವ ಸ್ಯಾಡಲ್ ಕೆಳಗೆ ಅದುರುವಿಕೆಯನ್ನು ಸಿಗ್ನಲ್ ಮಾಡುವ ಪಿಯೆಜೊ ಪಿಕಪ್ ಇದೆ, ಒಳಗೆ ಆ ಸಿಗ್ನಲ್ ಏರಿಸುವ 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ ಇದೆ. ಹೆಂಡತಿ ಹಾಡುತ್ತಾಳೆ, ನಾನು ಜೊತೆಗೆ ನುಡಿಸುತ್ತೇನೆ. 40-50 ಜನ ಕೂರುವ ಜಾಗ. ಮಗಳದು ಎಲೆಕ್ಟ್ರಿಕ್ ಗಿಟಾರ್, ಅವಳು ಮನೆಯಲ್ಲಿ ಪ್ರಾಕ್ಟೀಸ್ ಮಾಡುತ್ತಾಳೆ. ಎರಡಕ್ಕೂ ಒಂದೇ ಆಂಪ್ ಸಾಕಾ, ಬೇರೆ ಬೇರೆ ಬೇಕಾ? ಇದಕ್ಕಿಂತ ಬಿಡಿಸಿ ಕೇಳೋಕೆ ನನಗೆ ಬರಲ್ಲ. ಎರಡೇ ನಿಮಿಷದಲ್ಲಿ ಉತ್ತರ ಬಂತು: “ಇದು ಎಲ್ಲದಕ್ಕೂ ಆಗುತ್ತೆ ಸರ್. 20 ವಾಟ್ ಸಾಲಲ್ಲ, 40 ತಗೊಳ್ಳಿ, ಸೌಂಡ್ ಡಬಲ್ ಬರುತ್ತೆ. ಮೈಕನ್ನ ಎರಡನೇ ಇನ್‌ಪುಟ್‌ಗೆ ಹಾಕಿ.”

ನಂಬಿದೆ. ನಿಮ್ಮವರು ಕೂತಿರೋದೇ ಗೊತ್ತಿಲ್ಲದವರಿಗೆ ಹೇಳೋಕೆ ಅಲ್ವಾ?

ಆಮೇಲೆ ನಾನೇ ಕಲಿತೆ. ವಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗಲ್ಲ, ಬರೀ 3 ಡೆಸಿಬೆಲ್ ಏರುತ್ತೆ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಪಟ್ಟು ವಾಟ್ ಬೇಕು. ನಿಮ್ಮವರ ಲೆಕ್ಕ ಹಿಡಿದರೆ ನನಗೆ 200 ವಾಟ್ ಮಾರಬೇಕಿತ್ತು. ಆ ಮಟ್ಟಿಗೆ ದಯೆ ತೋರಿಸಿದ್ದೀರಿ. ಇನ್ನು ಆ ‘ಎರಡನೇ ಇನ್‌ಪುಟ್’ ಕೂಡ ಗಿಟಾರ್ ಜ್ಯಾಕೇ. ಹೆಂಡತಿಯದು ಕಂಡೆನ್ಸರ್ ಮೈಕ್, ಅದಕ್ಕೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ ಬೇಕು, ಅದೇ ಕೇಬಲ್‌ನಲ್ಲಿ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಇದರಲ್ಲಿ ಎರಡೂ ಇಲ್ಲ.

ಮುಖ್ಯ ವಿಷಯ ಸ್ಪೀಕರಿನದು. ನೀವು ಕೊಟ್ಟಿದ್ದು 12 ಇಂಚಿನ ಗಿಟಾರ್ ಸ್ಪೀಕರ್ ಒಂದೇ, ತೀಕ್ಷ್ಣ ಸ್ವರ ಕೊಡುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಇಲ್ಲ. ಅಂಥ ಸ್ಪೀಕರ್ 5,000 ಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲುತ್ತೆ. ಎಲೆಕ್ಟ್ರಿಕ್‌ಗೆ ಅದೇ ವರ. ಡಿಸ್ಟಾರ್ಷನ್‌ನ ಕಿರಿಕಿರಿಯನ್ನು ಅದೇ ಕತ್ತರಿಸಿ ಹಾಕೋದು. ಅಕೌಸ್ಟಿಕ್ ತಂತಿಯ ಹೊಳಪು ಇರೋದು ಮಾತ್ರ ಆ 5,000ದ ಮೇಲೆಯೇ. ಅದು ಪೂರ್ತಿ ಹೋಗಿ, ಕಂಬಳಿ ಹೊದ್ದುಕೊಂಡು ನುಡಿಸಿದ ಹಾಗೆ ಕೇಳಿಸುತ್ತೆ. ಎಲೆಕ್ಟ್ರಿಕ್ ಆಂಪ್ ಸದ್ದಿಗೆ ತನ್ನ ಬಣ್ಣ ಹಚ್ಚೋಕೆ ಇರೋದು. ಅಕೌಸ್ಟಿಕ್ ಆಂಪ್ ಇದ್ದ ಸದ್ದನ್ನು ಇದ್ದ ಹಾಗೆ ದೊಡ್ಡದು ಮಾಡೋಕೆ ಇರೋದು. ಇದು ನಿಮಗೆ ಗೊತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಡಬ್ಬದಲ್ಲಿದ್ದ ನಿಮ್ಮದೇ ಕೈಪಿಡಿಯ 4ನೇ ಪುಟದಲ್ಲಿ, “ಅಕೌಸ್ಟಿಕ್ ಗಿಟಾರ್‌ಗೆ ನಮ್ಮ ಅಕೌಸ್ಟಿಕ್ ಸರಣಿಯ ಆಂಪ್ ಬಳಸಿ” ಅಂತ ದಪ್ಪ ಅಕ್ಷರದಲ್ಲೇ ಇದೆ.

ಹೋಗಲಿ, ಮಗಳಿಗಾದರೂ ಆಯಿತಾ? ಅದೂ ಇಲ್ಲ. ಎರಡು 6ಎಲ್6 ಟ್ಯೂಬ್ ಇರುವ ಈ ಆಂಪ್‌ನ ರುಚಿ ಸಿಗೋದು ವಾಲ್ಯೂಮ್ ಏರಿಸಿ ಪವರ್ ಟ್ಯೂಬ್‌ಗಳನ್ನು ದುಡಿಸಿದಾಗ. ನಮ್ಮ ಮನೆಯಲ್ಲಿ ವಾಲ್ಯೂಮ್ ಒಂದೂವರೆ ದಾಟಿದರೆ ಕಿಟಕಿ ಗಾಜು ತಾಳ ಹಾಕುತ್ತೆ. ಇದನ್ನು ಹೇಳಿದಾಗ ನಿಮ್ಮ ಫೋನಿನವರು ಕೊಟ್ಟ ಸಲಹೆಯನ್ನು ನೀವು ಕೂತುಕೊಂಡು ಓದಿ: “ಹಿಂದೆ ಸ್ಪೀಕರ್ ಜ್ಯಾಕ್ ಇರುತ್ತಲ್ಲ ಸರ್, ಅದನ್ನ ಕಿತ್ತು ಅಲ್ಲಿಗೆ ಹೆಡ್‌ಫೋನ್ ಹಾಕ್ಕೊಳ್ಳಿ.” ಸ್ಪೀಕರ್ ಲೋಡ್ ಇಲ್ಲದೆ ಟ್ಯೂಬ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಹೆಡ್‌ಫೋನ್ ಕಥೆ ಬೇರೆ, ಅದರೊಳಗಿನ ಕಿವಿಯ ಕಥೆ ಇನ್ನೂ ಬೇರೆ. ನಾನು ಕಿತ್ತೇಬಿಟ್ಟಿದ್ದೆ, ಮಗಳು ಓಡಿ ಬಂದು ಸ್ವಿಚ್ ಹಾಕದ ಹಾಗೆ ಕೈ ಹಿಡಿದಳು. ಸುಟ್ಟಿದ್ದರೆ “ತಪ್ಪು ಬಳಕೆ, ವಾರಂಟಿ ಇಲ್ಲ” ಅಂತ ನೀವೇ ಬರೆಯುತ್ತಿದ್ದಿರಿ. ಈಗ ಅವಳು ಪ್ಲಗ್ ಹಾಕದೆಯೇ ನುಡಿಸುತ್ತಾಳೆ. ಆಂಪ್ ಮೇಲೆ ನಾವು ಮಡಚಿದ ಬಟ್ಟೆ ಇಡುತ್ತೇವೆ. ಅದಕ್ಕೆ ಚೆನ್ನಾಗಿದೆ, ಎತ್ತರವೂ ಸರಿಯಾಗಿದೆ.

ಹಮ್, ಅಂದರೆ ಆಂಪ್‌ನ ಗುಂಯ್ ಸದ್ದಿನ ವಿಷಯ ಬಿಟ್ಟೇಬಿಡಬೇಕು ಅಂತಿದ್ದೆ. ಆಗುತ್ತಿಲ್ಲ. ಮೊದಲ ದಿನದಿಂದ ಗುಂಯ್ ಅಂತಿತ್ತು. “ಮಗಳ ಗಿಟಾರ್ ಸಿಂಗಲ್ ಕಾಯಿಲ್ ಇರಬೇಕು, ಹಮ್ ಸಹಜ” ಅಂದರು. ಇಲ್ಲಪ್ಪ, ಅದರಲ್ಲಿರೋದು ಹಂಬಕ್ಕರ್ ಅಂದೆ. ಹಮ್ ಕಳೆಯೋಕೆ ಅಂತಲೇ 1955ರಲ್ಲಿ ಗಿಬ್ಸನ್‌ನಲ್ಲಿದ್ದ ಸೆತ್ ಲವರ್ ಎರಡು ಕಾಯಿಲ್ ಜೋಡಿಸಿ ಮಾಡಿದ ಪಿಕಪ್ ಅದು, ಹೆಸರಲ್ಲೇ ಹಮ್ ಇದೆ. “ಹಾಗಾದ್ರೆ ನಿಮ್ಮ ಮನೆ ಅರ್ಥಿಂಗ್ ಸರಿ ಇಲ್ಲ” ಅಂದರು. ಎಲೆಕ್ಟ್ರಿಷಿಯನ್ ಕರೆಸಿದೆ. ಅರ್ಥಿಂಗ್ ಸರಿಯಾಗೇ ಇತ್ತು. ಕೊನೆಗೆ ಸಿಕ್ಕಿದ್ದು ನೀವು ‘ಗಿಟಾರ್ ಕೇಬಲ್’ ಅಂತ ಜೊತೆಗೆ ಕೊಟ್ಟ ಕೇಬಲ್. ಎರಡೂ ತುದಿಯಲ್ಲಿ ಅದೇ 6.35 ಮಿಲಿಮೀಟರ್ ಜ್ಯಾಕ್ ಇದೆ ಸರಿ. ಬ್ಲೇಡಿನಲ್ಲಿ ಸಿಪ್ಪೆ ಸುಲಿದು ನೋಡಿದರೆ ಒಳಗೆ ಎರಡು ದಪ್ಪ ತಂತಿ, ಶೀಲ್ಡ್ ಇಲ್ಲವೇ ಇಲ್ಲ. ಸ್ಪೀಕರ್ ಕೇಬಲ್! ಶೀಲ್ಡ್ ಇಲ್ಲದ ತಂತಿಯನ್ನು ಗಿಟಾರ್‌ಗೆ ಹಾಕಿದರೆ ಸುತ್ತಲಿನ ಕರೆಂಟಿನ ಗುಂಯ್‌ಗುಟ್ಟುವಿಕೆಯೆಲ್ಲ ಅದರೊಳಗೆ. ಹೊಸ ಕೇಬಲ್ ನಾನೇ ತಂದೆ. ಬಿಡಿ.

ಈಗ ಶನಿವಾರ.

ಆಂಪ್ ತೂಕ 22 ಕಿಲೋ. ನಿಮ್ಮ ಸರ್ವಿಸ್ ಸೆಂಟರ್ ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಬೆನ್ನಿಗೆ ಗಿಟಾರ್, ಕೈಯಲ್ಲಿ ಆಂಪ್, ಪ್ರತಿ ಮಹಡಿಗೂ ಅದನ್ನು ಕೆಳಗಿಟ್ಟು ಅದರ ಮೇಲೇ ಕೂತೆ. ಮೇಲೆ ಹೋದಾಗ ಕೌಂಟರ್ ಮುಂದೆ ಆರು ಜನ ಇದ್ದರು. ಅವರ ಮುಂದೆಯೇ ನಡೆದದ್ದರಿಂದ ಸಂಖ್ಯೆ ಹೇಳುತ್ತಿದ್ದೇನೆ.

ನಿಮ್ಮ ಟೆಕ್ನೀಷಿಯನ್ ಅಲ್ಲೇ ಇದ್ದ ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿಸಿ, ಗೇನ್ ಏರಿಸಿ, ಕಣ್ಣು ಮುಚ್ಚಿ ಎರಡು ನಿಮಿಷ ನುಡಿಸಿದರು. ಚೆನ್ನಾಗಿ ನುಡಿಸಿದರು, ಸುಳ್ಳು ಹೇಳಲ್ಲ. ಇಬ್ಬರು ಚಪ್ಪಾಳೆ ತಟ್ಟಿದರು.

“ನೋಡಿ ಅಂಕಲ್, ಏನಾಗಿದೆ ಇದಕ್ಕೆ?”

“ಎಲೆಕ್ಟ್ರಿಕ್‌ಗೆ ಏನೂ ಆಗಿಲ್ಲ. ನನ್ನ ದೂರು ಅಕೌಸ್ಟಿಕ್ ಬಗ್ಗೆ.”

“ಸರಿ, ನೀವೇ ಬಾರಿಸಿ.”

ಗಿಟಾರ್ ತೆಗೆದೆ. ಸೌಂಡ್ ಹೋಲ್‌ಗೆ ಹಾಕುವ ರಬ್ಬರ್ ಮುಚ್ಚಳ ಜೇಬಿನಲ್ಲಿತ್ತು. ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಗಿಟಾರಿಗೆ ಮರಳಿ ಊಳಿಡೋದು) ತಡೆಯೋಕೆ ಎಲ್ಲರೂ ಹಾಕುವಂಥದ್ದೇ. ಹಾಕಲು ಹೋದರೆ, “ಅದೆಲ್ಲ ಹಾಕಿದ್ರೆ ವಾರಂಟಿ ಹೋಗುತ್ತೆ” ಅಂದರು. “ಇದು ಗಿಟಾರ್‌ನ ಮುಚ್ಚಳ ಕಣಪ್ಪ, ಆಂಪ್‌ಗೂ ಇದಕ್ಕೂ ಏನು ಸಂಬಂಧ?” ಅಂದೆ. “ರೂಲ್ಸ್ ಅಂಕಲ್.” ಜೇಬಿಗೆ ವಾಪಸ್ ಹಾಕಿಕೊಂಡೆ. ವಾಲ್ಯೂಮ್ 5ರಲ್ಲಿತ್ತು, ಬಾಸ್ 7ರಲ್ಲಿ, ಅವರು ತಮಗೆ ಬೇಕಾದ ಹಾಗೆ ಇಟ್ಟುಕೊಂಡದ್ದು. ಬಾಸ್ ಇಳಿಸಲು ಹೋದರೆ, “ಇರ್ಲಿ ಬಿಡಿ, ಟೆಸ್ಟ್ ಅಲ್ವಾ” ಅಂತ ನನ್ನ ಕೈ ಸರಿಸಿದರು.

ಜಿ ಕಾರ್ಡ್ ಹಿಡಿದು ಒಂದೇ ಸಲ ಎಳೆದೆ. ಅದರ ಅತಿ ತಗ್ಗಿನ ಸ್ವರ ಆರನೇ ತಂತಿಯ ಮೂರನೇ ಫ್ರೆಟ್, ಅಂದರೆ ಸುಮಾರು 98 ಹರ್ಟ್ಸ್. ಅಕೌಸ್ಟಿಕ್ ಗಿಟಾರ್‌ನ ಹೊಟ್ಟೆಯೊಳಗಿನ ಗಾಳಿ ತಾನಾಗಿ ಮೊಳಗೋದೂ ಹೆಚ್ಚುಕಡಿಮೆ ಅಲ್ಲೇ. ಸ್ಪೀಕರ್ ಗಿಟಾರನ್ನು ಅದುರಿಸುತ್ತೆ, ಗಿಟಾರ್ ಮತ್ತೆ ಸ್ಪೀಕರಿಗೆ ಕೊಡುತ್ತೆ. ಹೂಂ ಅಂತ ಎದ್ದ ಸದ್ದು ನಿಲ್ಲಲೇ ಇಲ್ಲ. ಅಂಗೈಯಲ್ಲಿ ತಂತಿ ಅದುಮಿದರೂ ನಿಲ್ಲಲಿಲ್ಲ. ಆರು ಜನ ಕಿವಿ ಮುಚ್ಚಿಕೊಂಡರು. ಕೌಂಟರ್ ಮೇಲಿದ್ದ ಸ್ಟೇಪ್ಲರ್ ತಾನಾಗಿ ನಡೆಯುತ್ತಿತ್ತು.

ನಿಮ್ಮವರು ವಾಲ್ಯೂಮ್ ಇಳಿಸಿ ಕೇಳಿದ್ದು: “ಅಂಕಲ್, ಗಿಟಾರ್‌ನಲ್ಲಿ ಬ್ಯಾಟರಿ ಇದೆಯಾ?”

ಬ್ಯಾಟರಿ ಸತ್ತರೆ ಗಿಟಾರ್ ದನಿ ಹೋಗುತ್ತೆ, ಹೀಗೆ ಅರಚಲ್ಲ. ಬೆಳಿಗ್ಗೆಯಷ್ಟೇ ಹೊಸದು ಹಾಕಿದ್ದೇನೆ ಅಂದೆ. ಕೇಳಲಿಲ್ಲ. ಬ್ಯಾಟರಿ ಗೂಡಿನ ಮುಚ್ಚಳ ತೆಗೆದು, ಬ್ಯಾಟರಿ ಹೊರಗೆಳೆದು, ಅದರ ಎರಡು ತುದಿಯನ್ನು ತಮ್ಮ ನಾಲಿಗೆಗೆ ತಾಗಿಸಿದರು. ಮುಖ ಕಿವುಚಿತು. ಅಂದರೆ ಚಾರ್ಜ್ ಇದೆ. ಹಾಗೇ, ಒರೆಸದೆ, ನನ್ನ ಗಿಟಾರ್ ಒಳಗೆ ವಾಪಸ್ ಹಾಕಿದರು.

“ಎಷ್ಟು ದಿನದಿಂದ ಕಲೀತಿದೀರ ಅಂಕಲ್?”

“26 ವರ್ಷದಿಂದ ನುಡಿಸ್ತಿದೀನಿ.”

“ಓ, ಸ್ವಂತವಾಗಿ ಕಲಿತಿದ್ದಾ?” ಅಂತ ಕೌಂಟರ್ ಆಚೆಯವರ ಕಡೆ ನೋಡಿದರು. ಅವರು ನಕ್ಕರು. ನಾನೂ ನಕ್ಕೆ. ಅದೇ ಈಗಲೂ ಚುಚ್ಚುತ್ತಿದೆ. ನಾನು ಯಾಕೆ ನಕ್ಕೆ?

ಆಮೇಲೆ ಫಾರಂ ತುಂಬಿದರು: “ಆಂಪ್‌ನಲ್ಲಿ ದೋಷವಿಲ್ಲ. ಬಳಕೆದಾರರಿಗೆ ತಿಳಿವಳಿಕೆ ಸಾಲದು.” ಸಹಿ ಹಾಕದಿದ್ದರೆ ಆಂಪ್ ಕೊಡಲ್ಲ ಅಂದರು. ಸಹಿ ಹಾಕಿ ಪಕ್ಕದಲ್ಲಿ ‘ಒಪ್ಪಿಗೆ ಇಲ್ಲ’ ಅಂತ ಬರೆದೆ. ಅದನ್ನು ಹರಿದು ಇನ್ನೊಂದು ಫಾರಂ ತಂದಿಟ್ಟರು. ಎರಡನೆಯದಕ್ಕೆ ಬರೀ ಸಹಿ ಹಾಕಿದೆ, ಪರೀಕ್ಷೆ ಮಾಡಿದ್ದಕ್ಕೆ ದುಡ್ಡೂ ಕೊಟ್ಟೆ. 22 ಕಿಲೋ ಹೊತ್ತು ಮೂರು ಮಹಡಿ ಇಳಿದೆ.

ಆಂಪ್‌ನಲ್ಲಿ ದೋಷ ಇದೆ ಅಂತ ನಾನು ಯಾವತ್ತೂ ಹೇಳಿಲ್ಲ. ಆಂಪ್ ಒಳ್ಳೆಯದೇ. ನಾನು ಕೇಳಿದ್ದಕ್ಕೆ ನೀವು ಕೊಟ್ಟದ್ದು ಅದಲ್ಲ, ಅಷ್ಟೇ. ಸಲಹೆಗಾರರು ಹೇಳಿ ಕೊಟ್ಟ ವಸ್ತು ಗ್ರಾಹಕ ಹೇಳಿದ ಬಳಕೆಗೆ ಹೊಂದದಿದ್ದರೆ 30 ದಿನದೊಳಗೆ ಬದಲಿಸಿ ಕೊಡುತ್ತೇವೆ ಅಂತ ನಿಮ್ಮ ವಾಪಸಾತಿ ನಿಯಮ 6ರ ಎರಡನೇ ಸಾಲು ಹೇಳುತ್ತೆ. ಬರೆದವರು ನೀವೇ, ಹಾಗಾಗಿ ಅರ್ಥ ಬಿಡಿಸಿ ಹೇಳಲ್ಲ. ನನ್ನ ಮೊದಲ ಫೋನ್ ನಾಲ್ಕನೇ ದಿನ. “ಡಬ್ಬ ತೆರೆದಿದ್ದೀರಲ್ಲ ಸರ್” ಅಂದರು. ಡಬ್ಬ ತೆರೆಯದೆ ಆಂಪ್ ನುಡಿಸುವ ತಿಳಿವಳಿಕೆ ನನಗೆ ನಿಜಕ್ಕೂ ಸಾಲದು, ಆ ಫಾರಂ ಅಲ್ಲಿ ಸರಿ.

ಈ ಆಂಪ್ ವಾಪಸ್ ತಗೊಂಡು, ಮೈಕ್ ಇನ್‌ಪುಟ್ ಇರುವ ಒಂದು ಅಕೌಸ್ಟಿಕ್ ಆಂಪ್, ಮಗಳಿಗೆ ಹೆಡ್‌ಫೋನ್ ಸಾಕೆಟ್ ಇರುವ ಒಂದು ಪುಟ್ಟ ಪ್ರಾಕ್ಟೀಸ್ ಆಂಪ್ ಕೊಡಿ. ಲೆಕ್ಕದಲ್ಲಿ ಹೆಚ್ಚುಕಡಿಮೆ ಆದರೆ ನೋಡಿಕೊಳ್ಳೋಣ. ಹೀಗೆ ಕೇಳುತ್ತಿರುವುದು ಇದೇ ಕೊನೆ ಸಲ. ನೀವು ಕೊಡುತ್ತೀರಿ ಅನ್ನೋ ನಂಬಿಕೆ ಮಾತ್ರ ಆ ಮೆಟ್ಟಿಲು ಇಳಿಯುವಾಗಲೇ ಹೋಯಿತು.

ಆದ್ದರಿಂದ ಇದನ್ನೂ ತಿಳಿದಿರಿ. ನಿಮ್ಮ ಶೋರೂಮ್ ಬಾಗಿಲಲ್ಲಿ “ಬನ್ನಿ, ಕೂತು ನುಡಿಸಿ ನೋಡಿ” ಅಂತ ಬೋರ್ಡ್ ಇದೆ. ಇದೇ ಮಾಡೆಲ್ ಆಂಪ್ ಬಾಗಿಲ ಪಕ್ಕದಲ್ಲೇ ಇಟ್ಟಿದ್ದೀರಿ, ಹೊತ್ತು ತರುವ ಕಷ್ಟವೂ ನನಗಿಲ್ಲ. ಏಳು ದಿನದಲ್ಲಿ ಉತ್ತರ ಬರದಿದ್ದರೆ ಪ್ರತಿ ಶನಿವಾರ ಸಂಜೆ 5 ಗಂಟೆಗೆ, ನಿಮ್ಮಲ್ಲಿ ಜನ ಜಾಸ್ತಿ ಇರುವ ಹೊತ್ತಿಗೆ, ಗಿಟಾರ್ ತಗೊಂಡು ಬರುತ್ತೇನೆ. ವಾಲ್ಯೂಮ್ 5, ಬಾಸ್ 7, ನಿಮ್ಮವರು ಕಲಿಸಿದ ಹಾಗೆ. ಜಿ ಕಾರ್ಡ್ ಒಂದೇ ನುಡಿಸುತ್ತೇನೆ. ರಬ್ಬರ್ ಮುಚ್ಚಳ ತರಲ್ಲ, ವಾರಂಟಿ ಹೋದೀತು. ಬ್ಯಾಟರಿ ಹೊಸದೇ ಇರುತ್ತೆ, ಬೇಕಿದ್ದರೆ ನಾಲಿಗೆಗೆ ತಾಗಿಸಿ ನೋಡಿಕೊಳ್ಳಲಿ.

ಇತಿ,
ತಿಳಿವಳಿಕೆ ಸಾಲದ ಬಳಕೆದಾರ