ನಗಿಸುವ ಹುಡುಗರಿಗೆ ರಂಗಮಂದಿರ ಸಿಗಲಿ

ಮಾನ್ಯರೆ,

ಕೋಲಾರದ ಕಾಲೇಜು ಸಮಾರಂಭಗಳಲ್ಲಿ ಕನ್ನಡ, ತೆಲುಗು ಬೆರೆಸಿ ನಗಿಸುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಹಿಂದಿ ಸಿನಿಮಾದ ಹಾಸ್ಯನಟ ಜಾನಿ ಲಿವರ್ ನೆನಪಾಗುತ್ತಾರೆ. ಬಡತನದಿಂದ ಏಳನೇ ತರಗತಿಗೇ ಶಾಲೆ ಬಿಟ್ಟವರು ಅವರು. ಮುಂಬೈ ಬೀದಿಗಳಲ್ಲಿ ಸಿನಿಮಾ ನಟರ ದನಿ ಅನುಕರಿಸುತ್ತಾ ಪೆನ್ನು ಮಾರಿದರು. ಹಿಂದೂಸ್ತಾನ್ ಲಿವರ್ ಕಾರ್ಖಾನೆಯಲ್ಲಿ ಕೂಲಿಯಾಗಿದ್ದಾಗ ಮೇಲಧಿಕಾರಿಗಳ ಮಿಮಿಕ್ರಿ ಮಾಡಿದರು. ಆಗ ಜೊತೆಗಾರರು ಕೊಟ್ಟ ಹೆಸರೇ ‘ಲಿವರ್’. ಎಂಥ ಪ್ರೀತಿಯ ಬಿರುದು ಅಲ್ವಾ! ಆಮೇಲೆ ವೇದಿಕೆ, ಸಿನಿಮಾ. 1993ರ ‘ಬಾಜಿಗರ್’ ನಂತರವಂತೂ ಮನೆಮಾತಾದರು.

ನಗಿಸುವ ಕಲೆ ಸುಮ್ನೆ ಬರುವುದಿಲ್ಲ. ಜನರ ಮುಂದೆ ಮತ್ತೆ ಮತ್ತೆ ನಿಲ್ಲಬೇಕು, ನಗು ಬರದ ದಿನವನ್ನೂ ನೋಡಬೇಕು. ಜಿಲ್ಲಾ ರಂಗಮಂದಿರವನ್ನು ತಿಂಗಳಿಗೆ ಒಂದು ಸಂಜೆಯಾದರೂ ಕಡಿಮೆ ಬಾಡಿಗೆಗೆ ಈ ಮಕ್ಕಳಿಗೆ ಕೊಡಿ ಎಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಕೋಲಾರ